ಪ್ರೊ. ಜಯಪ್ಪನವರ ಫ್ರಿಡ್ಜ್ ಸಿದ್ಧಾಂತ

ಭಾನುವಾರ ಬೆಳಿಗ್ಗೆ ತನುಜಾ ಫ್ರಿಡ್ಜಿನ ಬಾಗಿಲು ತೆಗೆದಾಗ ದೋಸೆ ಹಿಟ್ಟು ಪಾತ್ರೆಯ ಮುಚ್ಚಳವನ್ನು ಟೋಪಿಯಂತೆ ತಲೆಯ ಮೇಲಿಟ್ಟುಕೊಂಡು ಹೊರಗೆ ಹೊರಟು ನಿಂತಿತ್ತು. ಹಾಲು ಒಡೆದಿತ್ತು. ಒಳಗಿನ ದೀಪ ಹತ್ತಲಿಲ್ಲ.

“ರೀ, ಫ್ರಿಡ್ಜ್ ಸತ್ತೋಗಿದೆ, ಬನ್ನಿ ಇಲ್ಲಿ!”

ಜ್ಞಾನೇಶ್ ಮೇಷ್ಟ್ರು ಹಲ್ಲುಜ್ಜುತ್ತಲೇ ಓಡಿಬಂದರು. ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದ ಅವರಿಗೆ ಮನೆಯಲ್ಲಿ ಏನೇ ಕೆಟ್ಟರೂ ಮೊದಲು ಕಾರಣ ಹೇಳಿ ಆಮೇಲೆ ರಿಪೇರಿಯವನನ್ನು ಕರೆಯುವ ಅಭ್ಯಾಸ. ಫ್ಯಾನು ಹಾಕಿ ನೋಡಿದರು, ತಿರುಗಲಿಲ್ಲ. ಲೈಟೂ ಇಲ್ಲ. “ಕರೆಂಟ್ ಹೋಗಿದೆ ಅಷ್ಟೆ” ಎಂದು ತೀರ್ಪು ಕೊಡುವ ಹೊತ್ತಿಗೆ ಪಕ್ಕದ ಮನೆಯ ಮಿಕ್ಸಿ ಗರ್ರೆಂದಿತು.

ಮೀಟರ್ ಬೋರ್ಡು ಮೆಟ್ಟಿಲ ಕೆಳಗಿತ್ತು. ಮೇಷ್ಟ್ರ ಮನೆಯ ಫ್ಯೂಸು ಇರಬೇಕಾದ ಜಾಗ ಹಲ್ಲು ಕಿತ್ತ ಬಾಯಿಯ ಹಾಗೆ ಖಾಲಿ ಕಂಡಿತು. ಕತ್ತೆತ್ತಿದರೆ, ಮೆಟ್ಟಿಲ ಮೇಲೆ ಮನೆ ಓನರ್ ಬಸವರಾಜೇಶ್ವರಮ್ಮನವರು ಎರಡೂ ಮಂಡಿಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ಫ್ಯೂಸು ಅವರ ಮುಷ್ಟಿಯಲ್ಲಿತ್ತು.

“ನಾನೇ ಕಿತ್ತಿದ್ದು ಮೇಷ್ಟ್ರೇ. ರಾತ್ರಿಯೇ ಕಿತ್ತೆ. ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ!”

“ಅಮ್ಮಾ, ಯಾಕಮ್ಮಾ?”

“ಯಾಕೆ ಅಂತ ನೀವು ಕೇಳ್ತೀರಾ? ಸೈನ್ಸ್ ಮೇಷ್ಟ್ರು ನೀವು! ನಿಮ್ಮ ಫ್ರಿಡ್ಜು ಎಲ್ಲಿದೆ? ನನ್ನ ಮಂಚದ ಕೆಳಗೆ ನೆಟ್ಟಗೆ. ಒಂದು ವರ್ಷದಿಂದ ನನ್ನ ಮಂಡಿಯ ಶಾಖ ಎಲ್ಲ ಕೆಳಗೆ ಎಳ್ಕೊಂಡು ನಿಮ್ಮ ಮೊಸರು ತಣ್ಣಗೆ ಮಾಡ್ತಾ ಇದೆ.”

ಮೇಷ್ಟ್ರ ಬಾಯಲ್ಲಿ ಇನ್ನೂ ಪೇಸ್ಟ್ ಇತ್ತು. ಅದನ್ನು ಉಗಿಯಬೇಕೋ ನುಂಗಬೇಕೋ ತಿಳಿಯದೆ ನುಂಗಿಬಿಟ್ಟರು.

“ಯಾರಮ್ಮಾ ಇದನ್ನ ಹೇಳಿದ್ದು?”

“ಪ್ರೊಫೆಸರ್ ಜಯಪ್ಪ. ಇಂಟರ್ನೆಟ್ಟಲ್ಲಿ.”

ಅದು ಎರಡು ಸಾವಿರದ ಒಂಬತ್ತನೇ ಇಸವಿಯ ಆಷಾಢ. ವಿದ್ಯಾನಗರದ ಆ ಬೀದಿಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದದ್ದು ಪಕ್ಕದ ಮನೆಯ ಇಸ್ಹಾಕ್ ಸಾಹೇಬರಲ್ಲಿ ಮಾತ್ರ. ಪೇಂಟ್ ಅಂಗಡಿಯ ಲೆಕ್ಕಕ್ಕೆಂದು ಅವರು ತಂದ ಕಂಪ್ಯೂಟರನ್ನು ಅವರ ಹೆಂಡತಿ ಮುಸರ್ರತ್ ವಿಡಿಯೋ ನೋಡುವುದಕ್ಕೆ ವಶಪಡಿಸಿಕೊಂಡಿದ್ದರು. ಮಧ್ಯಾಹ್ನ ಊಟವಾದ ಮೇಲೆ ಬಸವರಾಜೇಶ್ವರಮ್ಮನವರೂ ಹೋಗಿ ಸೇರುತ್ತಿದ್ದರು. ಮೊದಲು ಅಡುಗೆ ನೋಡುತ್ತಿದ್ದರು, ಆಮೇಲೆ ಕಸೂತಿ. ಯಾವಾಗ ವಿಜ್ಞಾನಕ್ಕೆ ಇಳಿದರೋ ಮೇಷ್ಟ್ರಿಗೆ ಗೊತ್ತಾಗಿರಲಿಲ್ಲ.

“ಅಮ್ಮಾ, ಫ್ರಿಡ್ಜು ಯಾರ ಮೈಯಿಂದಲೂ ಶಾಖ ಎಳೆಯಲ್ಲ. ಅದರ ಒಳಗಿರೋ ಶಾಖವನ್ನ ಅದು ಹೊರಗೆ ಬಿಡುತ್ತೆ, ಅಷ್ಟೇ.”

ಮಹಡಿಯಿಂದ ಬಸವರಾಜೇಶ್ವರಮ್ಮನವರ ಯಜಮಾನರು ಹಿರಿಯಣ್ಣನವರು ಪೇಪರ್ ಹಿಡಿದುಕೊಂಡೇ ಇಣುಕಿದರು. ರಿಟೈರ್ ಆದಮೇಲೆ ಅವರು ದಿನವೂ ಒಂದು ನ್ಯಾಯ ತೀರ್ಮಾನ ಮಾಡದೆ ಸ್ನಾನಕ್ಕೆ ಹೋಗುತ್ತಿರಲಿಲ್ಲ.

“ಹೊರಗೆ ಅಂದ್ರೆ ಎಲ್ಲಿಗೆ ಮೇಷ್ಟ್ರೇ?”

“ಹಿಂದುಗಡೆಯಿಂದ, ಗಾಳಿಗೆ ಸಾರ್.”

“ಬಿಸಿ ಗಾಳಿ ಮೇಲೆ ಹೋಗುತ್ತೋ ಕೆಳಗೆ ಹೋಗುತ್ತೋ?”

“ಮೇಲೆ…”

“ಮೇಲೆ ಯಾರಿದೀವಿ?”

ತರಗತಿಯಲ್ಲಿ ತಾವು ಹುಡುಗರನ್ನು ಹೀಗೆಯೇ ಒಂದೊಂದೇ ಪ್ರಶ್ನೆಯಿಂದ ಮೂಲೆಗೆ ನೂಕುತ್ತಿದ್ದುದು ನೆನಪಾಗಿ ಮೇಷ್ಟ್ರ ಮೈ ಉರಿಯಿತು.

ಅಷ್ಟರಲ್ಲಿ ಗಲಾಟೆ ಕೇಳಿ ಮುಸರ್ರತ್ ಕಾಫಿ ಫ್ಲಾಸ್ಕಿನ ಸಮೇತ ಬಂದರು. ಹಿಂದೆಯೇ ಲುಂಗಿ ಸರಿಮಾಡಿಕೊಳ್ಳುತ್ತ ಇಸ್ಹಾಕ್ ಸಾಹೇಬರು. ಎದುರು ಮನೆಯ ಜಲಜಮ್ಮ ರಂಗೋಲಿ ಅರ್ಧಕ್ಕೆ ಬಿಟ್ಟು ಬಂದರು.

“ಪರೀಕ್ಷೆ ಮಾಡೋಣ” ಎಂದರು ಮೇಷ್ಟ್ರು. “ವಿಜ್ಞಾನ ಅಂದ್ರೆ ಪರೀಕ್ಷೆ. ಬಾಯಿಮಾತಲ್ಲ. ಈಗ ಅಮ್ಮನವರ ಮೈ ಶಾಖ ನೋಡೋಣ. ಆಮೇಲೆ ಫ್ಯೂಸ್ ಹಾಕಿ ಫ್ರಿಡ್ಜ್ ಓಡಿಸಿ, ಅವರು ಮಂಚದ ಮೇಲೆ ಕೂತು, ಇನ್ನೊಂದು ಸಲ ನೋಡೋಣ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಬರಲ್ಲ. ಬಂದ್ರೆ ಫ್ರಿಡ್ಜ್ ಎತ್ತಿ ಬಿಸಾಕ್ತೀನಿ.”

ತನುಜಾ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕೈ ಮಾಡಿದಳು. ಹೊರಟ ಮಾತು ವಾಪಸು ಬರುವುದುಂಟೆ?

ಥರ್ಮಾಮೀಟರ್ ಬಂತು. ಬಸವರಾಜೇಶ್ವರಮ್ಮನವರ ನಾಲಿಗೆಯ ಕೆಳಗೆ ಇಟ್ಟು ನೋಡಿದರೆ ಎಲ್ಲ ಸರಿಯಿತ್ತು. ಫ್ಯೂಸ್ ಹಾಕಿದರು. ಕೆಳಗೆ ಫ್ರಿಡ್ಜು ಗುರ್ ಎಂದಿತು. ಅಮ್ಮನವರು ಮಂಚ ಏರಿ ಕೂತರು, ಬೀದಿಯ ಅರ್ಧ ಜನ ಸುತ್ತ ನಿಂತರು. ಸುಮ್ಮನೆ ಕಾಯುವುದು ಬೇಜಾರೆಂದು ಮುಸರ್ರತ್ ಫ್ಲಾಸ್ಕಿನಿಂದ ಹಬೆಯಾಡುವ ಕಾಫಿ ಬಗ್ಗಿಸಿಕೊಟ್ಟರು. ಅಮ್ಮನವರು ಕುಡಿದರು. ಕೆಳಗೆ ಫ್ರಿಡ್ಜಿನ ಸದ್ದಿಗೆ ಕಿವಿಗೊಟ್ಟು ಗೋಡೆ ಕಡೆ ತಿರುಗಿದ್ದ ಮೇಷ್ಟ್ರು ಮಾತ್ರ ಅದನ್ನು ನೋಡಲಿಲ್ಲ.

ಎರಡನೇ ಸಲ ಥರ್ಮಾಮೀಟರ್ ತೆಗೆದಾಗ ಪಾದರಸ ಜ್ವರದ ಗೆರೆ ದಾಟಿ ಮೇಲೆ ಹತ್ತಿತ್ತು.

“ಅಯ್ಯೋ, ಜ್ವರ!” ಎಂದು ಜಲಜಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು.

“ಕಾಫಿ! ಕಾಫಿ ಕುಡಿದಿದ್ದಕ್ಕೆ!” ಎಂದು ಮೇಷ್ಟ್ರು ಲೋಟ ಎತ್ತಿ ತೋರಿಸಿದರು. “ಅದೂ ಅಲ್ಲದೆ, ಫ್ರಿಡ್ಜು ಶಾಖ ಎಳೆದಿದ್ರೆ ಕಡಿಮೆ ಆಗ್ಬೇಕಿತ್ತು. ಹೆಚ್ಚಾಗಿದೆಯಲ್ಲ!”

“ಎಳೆದದ್ದನ್ನ ಮೇಲಕ್ಕೆ ಬಿಡುತ್ತೆ ಅಂತ ನೀವೇ ಅಂದ್ರಲ್ಲ” ಎಂದರು ಹಿರಿಯಣ್ಣನವರು ಶಾಂತವಾಗಿ. “ಮೊದಲು ಮಂಡಿಯಿಂದ ಎಳೀತು. ಈಗ ತಲೆಗೆ ಬಿಡ್ತಾ ಇದೆ.”

ಫ್ಯೂಸು ಮತ್ತೆ ಅಮ್ಮನವರ ಮುಷ್ಟಿ ಸೇರಿತು.

“ನೋಡಿ ಮೇಷ್ಟ್ರೇ, ನಿಮ್ಮ ಮೇಲೆ ನಮಗೆ ಏನೂ ಕೋಪ ಇಲ್ಲ” ಎಂದರು ಹಿರಿಯಣ್ಣನವರು. “ಒಳ್ಳೆ ಜನ ನೀವು. ಆದ್ರೆ ಇವಳ ಆರೋಗ್ಯ ಮುಖ್ಯ. ಆ ಪ್ರೊಫೆಸರ್ ಹೇಳಿದ್ದು ತಪ್ಪು ಅಂತ ಅದೇ ಇಂಟರ್ನೆಟ್ಟಲ್ಲಿ ಬರಲಿ, ಫ್ಯೂಸ್ ನಾನೇ ಕೈಯಾರೆ ಹಾಕ್ತೀನಿ. ಇಲ್ಲಾಂದ್ರೆ ಈ ತಿಂಗಳು ಮುಗಿಯೋದ್ರೊಳಗೆ ಬೇರೆ ಮನೆ ನೋಡ್ಕೊಳ್ಳಿ.”

ಬೇರೆ ಮನೆ! ಈ ಮನೆ ಹುಡುಕಲು ಒಂದು ಇಡೀ ಬೇಸಿಗೆ ರಜೆ ಅಲೆದಿದ್ದರು. ತನುಜಾಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ ಮೇಷ್ಟ್ರು ಸೀದಾ ಇಸ್ಹಾಕ್ ಸಾಹೇಬರ ಮನೆಗೆ ನುಗ್ಗಿ, “ತೋರ್ಸಿ ಸಾಹೇಬ್ರೇ ಆ ವಿಡಿಯೋನ” ಎಂದರು.

ಪರದೆಯ ಮೇಲೆ ಒಂದು ಚಕ್ರ ಬಹಳ ಹೊತ್ತು ತಿರುಗಿತು. ಆಮೇಲೆ ಬಿಳಿ ಕೋಟು ತೊಟ್ಟ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ಮನುಷ್ಯನೊಬ್ಬ ಕಾಣಿಸಿಕೊಂಡ. ಬೆನ್ನ ಹಿಂದೆ ಗೋಡೆ ತುಂಬ ದಪ್ಪ ದಪ್ಪ ಪುಸ್ತಕಗಳು. ಮುಂದೆ ಎರಡು ಗಾಜಿನ ಲೋಟ, ಒಂದರಲ್ಲಿ ಕೆಂಪು ನೀರು, ಇನ್ನೊಂದರಲ್ಲಿ ನೀಲಿ.

“ಯೋಚನೆ ಮಾಡಿ” ಎಂದ ಆತ. ಧ್ವನಿ ಬಾವಿಯೊಳಗಿಂದ ಬಂದ ಹಾಗೆ ಗುಂಯ್‌ಗುಟ್ಟಿತು. “ಫ್ರಿಡ್ಜಿನ ಒಳಗೆ ತಣ್ಣಗಿದೆ. ಹಾಗಾದರೆ ಅಲ್ಲಿಯ ಶಾಖ ಎಲ್ಲಿ ಹೋಯಿತು? ನಿಮ್ಮ ಮಂಡಿ ಯಾಕೆ ತಣ್ಣಗಿದೆ? ಫಾರಿನ್ ವಿಜ್ಞಾನಿಗಳಿಗೆ ಇದು ಗೊತ್ತು. ಆದರೆ ಹೇಳುವುದಿಲ್ಲ.” ಕೆಂಪು ನೀರನ್ನು ನೀಲಿ ನೀರಿಗೆ ಸುರಿದ. ನೀರು ನೇರಳೆಯಾಯಿತು. “ನೋಡಿದಿರಾ?” ಎಂದ.

“ಏನ್ ನೋಡೋದ್ರೀ ಇದ್ರಲ್ಲಿ!” ಎಂದು ಮೇಷ್ಟ್ರು ಮೇಜು ಗುದ್ದಿದರು. ಕೀಬೋರ್ಡ್ ಹಾರಿತು.

“ಮೆಲ್ಲಗೆ ಸಾರ್” ಎಂದರು ಇಸ್ಹಾಕ್ ಸಾಹೇಬರು. “ನಮಗೆ ಏನು ಗೊತ್ತಾಗುತ್ತೆ? ಕೋಟ್ ಹಾಕಿದಾನೆ, ಬುಕ್ಸ್ ಇದಾವೆ.”

ವಿಡಿಯೋದ ಕೊನೆಯಲ್ಲಿ ಹೆಸರು ಬಂತು: ಪ್ರೊ. ಜಯಪ್ಪ, ಭದ್ರಾವತಿ. ಮೇಷ್ಟ್ರು ಅಲ್ಲಿಂದ ನೇರ ಬಸ್‌ಸ್ಟ್ಯಾಂಡಿಗೆ ನಡೆದರು. ಭದ್ರಾವತಿಯವರೆಗೂ ಬಸ್ಸಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತ ಬೈಗುಳ ಪ್ರಾಕ್ಟೀಸ್ ಮಾಡಿದರು. ಪಕ್ಕದಲ್ಲಿ ಕೂತಿದ್ದ ಹೊಳೆಹೊನ್ನೂರಿನ ಮುದುಕರೊಬ್ಬರು, ಯಾವುದೋ ಸ್ತೋತ್ರ ಹೇಳುತ್ತಿದ್ದಾರೆಂದು ಭಾವಿಸಿ ಭಕ್ತಿಯಿಂದ ಸರಿದು ಜಾಗ ಬಿಟ್ಟರು.

ಭದ್ರಾವತಿಯಲ್ಲಿ ಪ್ರೊಫೆಸರ್ ಜಯಪ್ಪನವರನ್ನು ಬಲ್ಲವರು ಯಾರೂ ಸಿಗಲಿಲ್ಲ. ಒಬ್ಬರು ಕಾಲೇಜಿನ ಕಡೆ ಕಳಿಸಿದರು. ಕಾಲೇಜಿನ ವಾಚ್‌ಮನ್ ಫ್ಯಾಕ್ಟರಿ ಕ್ವಾರ್ಟರ್ಸ್ ಕಡೆ ಕಳಿಸಿದ. ಅಲ್ಲಿ ಟೀ ಅಂಗಡಿ ಇಟ್ಟುಕೊಂಡಿದ್ದ ತಮಿಳು ಹೆಂಗಸು ಮಾತ್ರ, “ಜಯಪ್ಪಾನಾ? ವೀಡಿಯೋ ಜಯಪ್ಪಾನಾ ಸಾರ್? ನಮ್ಮ ಪೊಣ್ಣು ಮದುವೆಗೆ ಅವರೇ ತಾನೆ ಕ್ಯಾಮರಾ ಹಿಡಿದಿದ್ದು. ಆ ಮೂಲೆಗೆ ಹೋಗಿ” ಎಂದು ಚಮಚ ಎತ್ತಿ ದಾರಿ ತೋರಿಸಿದಳು.

ಮೂಲೆಯಲ್ಲಿ ಒಂದು ಸ್ಟುಡಿಯೋ. ಮೇಲೆ ದೊಡ್ಡ ಬೋರ್ಡು: ‘ಮಂಗಳ ವಿಡಿಯೋ ಮತ್ತು ಫೋಟೋ. ಮದುವೆ, ನಾಮಕರಣ, ಗೃಹಪ್ರವೇಶ. ಪ್ರೊ: ಜಯಪ್ಪ.’

ಮೇಷ್ಟ್ರು ಬೋರ್ಡನ್ನು ಎರಡು ಸಲ ಓದಿದರು.

ಒಳಗೆ ಜಯಪ್ಪ ಬನಿಯನ್ನಿನಲ್ಲಿ ಕೂತು ಕಡ್ಲೆಪುರಿ ತಿನ್ನುತ್ತಿದ್ದ. ಗೋಡೆಯ ಮೇಲೆ ಪುಸ್ತಕಗಳ ಕಪಾಟು ಇತ್ತು, ಪರದೆಯ ಮೇಲೆ ಪೇಂಟ್ ಮಾಡಿದ್ದು. ಡಿಗ್ರಿಯವರು ಫೋಟೋ ತೆಗೆಸಿಕೊಳ್ಳುವ ಪರದೆ. ಮೊಳೆಗೆ ಒಂದು ಕರಿ ಗೌನು, ಅದರ ಪಕ್ಕದಲ್ಲೇ ಬಿಳಿ ಕೋಟು.

“ನೀವೇನಾ ಪ್ರೊಫೆಸರ್ ಜಯಪ್ಪ?”

“ಪ್ರೊಪ್ರೈಟರ್ ಸಾರ್. ಬನ್ನಿ, ಕೂತ್ಕೊಳ್ಳಿ. ಮದುವೆನಾ, ನಾಮಕರಣನಾ?”

“ಏನ್ರೀ ಇದು ಮೋಸ! ಪ್ರೊಫೆಸರ್ ಅಂತ ಹಾಕ್ಕೊಂಡು ಜನಕ್ಕೆ ಸುಳ್ಳು ಹೇಳ್ತೀರಲ್ಲ!”

ಜಯಪ್ಪನಿಗೆ ನಿಜವಾಗಿಯೂ ನೋವಾಯಿತು. “ನಾನ್ಯಾವಾಗ ಸಾರ್ ಪ್ರೊಫೆಸರ್ ಅಂದೆ? ಬೋರ್ಡಲ್ಲಿ ಏನಿದೆ ಅದನ್ನೇ ವಿಡಿಯೋಲೂ ಹಾಕಿದೀನಿ. ಜನ ಹಾಗೆ ಓದ್ಕೊಂಡ್ರೆ ನಾನೇನು ಮಾಡ್ಲಿ?”

“ಆ ಫ್ರಿಡ್ಜ್ ಕತೆ?”

“ಆಷಾಢ ಸಾರ್. ಒಂದು ಮದುವೆ ಇಲ್ಲ. ಕ್ಯಾಮರಾ ಖಾಲಿ ಕೂತಿತ್ತು, ನಾನೂ ಖಾಲಿ ಕೂತಿದ್ದೆ. ನಮ್ಮ ಅತ್ತೆಗೆ ಮಂಡಿ ನೋವು. ಅವರು ಫ್ರಿಡ್ಜ್ ತಂದಮೇಲೆ ಶುರುವಾಯ್ತು ಅಂದ್ರು. ಅದ್ರಲ್ಲಿ ಏನೋ ಪಾಯಿಂಟ್ ಇದೆ ಅನ್ನಿಸ್ತು.”

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಶಾಖ, ಒತ್ತಡ, ಅನಿಲ, ಪೈಪು ಎಲ್ಲವನ್ನೂ ವಿವರಿಸಿದರು. ಫ್ಯೂಸು, ಫ್ಲಾಸ್ಕು, ಒಡೆದ ಹಾಲು, ಬೇರೆ ಮನೆ, ಅದನ್ನೂ ವಿವರಿಸಿದರು. ಜಯಪ್ಪ ಕಡ್ಲೆಪುರಿಯ ಪೊಟ್ಟಣವನ್ನು ಅವರ ಕಡೆ ಸರಿಸಿ ಬಾಯಿ ತೆರೆದುಕೊಂಡು ಕೇಳಿದ. ಕೊನೆಗೆ ಅವನ ಕಣ್ಣೂ ಒದ್ದೆಯಾಯಿತು.

“ಛೆ ಛೆ, ನನ್ನಿಂದ ನಿಮಗೆ ಇಷ್ಟು ತೊಂದರೆ ಆಗ್ಬಾರ್ದಿತ್ತು ಸಾರ್. ಈಗಲೇ ಇನ್ನೊಂದು ವಿಡಿಯೋ ಮಾಡ್ಬಿಡೋಣ. ಆದ್ರೆ ಇದೆಲ್ಲ ನನ್ನ ಬಾಯಲ್ಲಿ ಬರಲ್ಲ. ನೀವೇ ಹೇಳಿ. ನಾನು ಪಕ್ಕದಲ್ಲಿ ಕೂತು ತಲೆ ಆಡಿಸ್ತೀನಿ. ಸಂಜೆಯೊಳಗೆ ಇಂಟರ್ನೆಟ್ಟಿಗೆ ಹತ್ತಿಸ್ತೀನಿ.”

ಇಂಥ ಸಜ್ಜನನನ್ನು ಬೈಯಲು ಬಂದೆನಲ್ಲ ಎಂದು ಮೇಷ್ಟ್ರಿಗೇ ನಾಚಿಕೆಯಾಯಿತು. ಜಯಪ್ಪ ಅವರ ಮುಖಕ್ಕೆ ಪೌಡರ್ ಹಚ್ಚಿದ, ತಲೆ ಬಾಚಿದ. “ಜನ ನಂಬಬೇಕಲ್ಲ ಸಾರ್” ಎಂದು ಬಿಳಿ ಕೋಟನ್ನೂ ತೊಡಿಸಿದ. ಎರಡು ಲೈಟು ಹತ್ತಿದವು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ತರಗತಿಯ ಕನ್ನಡದಲ್ಲಿ ಶುರುಮಾಡಿದರು.

“ಮಾನ್ಯರೇ, ಫ್ರಿಡ್ಜು ನಮ್ಮ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ ಎನ್ನುವುದು ಶುದ್ಧ ಸುಳ್ಳು. ಮೇಲಿನ ಮನೆಯವರ ಮಂಡಿ ನೋವಿಗೆ ಕೆಳಗಿನ ಮನೆಯ ಫ್ರಿಡ್ಜೇ ಕಾರಣ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಜಯಪ್ಪನವರು ದೊಡ್ಡ ವಿಜ್ಞಾನಿ ಎಂದು ಯಾರೂ ತಿಳಿಯಬಾರದು…”

ಒಮ್ಮೆ ಶುರುವಾದ ಮೇಲೆ ಮೇಷ್ಟ್ರನ್ನು ತಡೆಯುವವರಿಲ್ಲ. ಇಪ್ಪತ್ತು ವರ್ಷದಿಂದ ಹಿಂದಿನ ಬೆಂಚಿನ ಹುಡುಗರು ಆಕಳಿಸುತ್ತಿದ್ದ ಪಾಠವನ್ನು ಈಗ ಲೋಕವೇ ಕೇಳಲಿದೆ! ಜಯಪ್ಪ ಪಕ್ಕದಲ್ಲಿ ಕೂತು ಕೋಲೆಬಸವನ ಹಾಗೆ ತಲೆಯಾಡಿಸಿದ. ಮುಗಿದಾಗ ಎದ್ದು ಎರಡೂ ಕೈ ಹಿಡಿದು, “ಎಂಥಾ ಮಾತು ಸಾರ್! ನಮ್ಮ ಮೇಷ್ಟ್ರು ಹೀಗೆ ಹೇಳಿಕೊಟ್ಟಿದ್ರೆ ನಾನು ಎಸ್ಸೆಸ್ಸೆಲ್ಸಿ ಪಾಸಾಗ್ತಿದ್ದೆ” ಎಂದ.

ವಾಪಸು ಬರುವಾಗ ಮೇಷ್ಟ್ರಿಗೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಸಿಕ್ಕಿದ್ದರೂ ಅವರು ಕೂರುತ್ತಿರಲಿಲ್ಲ. ಕಂಬಿ ಹಿಡಿದು, ಕಿವಿಯ ಹಿಂದೆ ಉಳಿದ ಪೌಡರಿನ ಸಮೇತ ಗೆದ್ದ ಜಟ್ಟಿಯ ಹಾಗೆ ನಿಂತೇ ಬಂದರು. ಮನೆಗೆ ಕಾಲಿಟ್ಟವರೇ, “ಸಂಜೆ ಎಲ್ಲರೂ ಇಸ್ಹಾಕ್ ಸಾಹೇಬ್ರ ಮನೆಗೆ ಬನ್ನಿ. ಸತ್ಯ ಏನು ಅಂತ ಗೊತ್ತಾಗುತ್ತೆ” ಎಂದು ಇಡೀ ಬೀದಿಗೆ ಕೇಳುವಂತೆ ಸಾರಿದರು.

ಸಂಜೆ ಇಸ್ಹಾಕ್ ಸಾಹೇಬರ ಮನೆಯ ಹಾಲ್ ಜನರಿಂದ ತುಂಬಿತು. ಬಸವರಾಜೇಶ್ವರಮ್ಮನವರಿಗೆ ಸೋಫಾ, ಹಿರಿಯಣ್ಣನವರಿಗೆ ಕುರ್ಚಿ. ಫ್ಯೂಸು ಅವರ ಜುಬ್ಬಾ ಜೇಬಿನಲ್ಲೇ ಇತ್ತು, ಸೋತರೆ ಅಲ್ಲೇ ಕೊಟ್ಟುಬಿಡುವ ಮನುಷ್ಯ ಅವರು. ತನುಜಾ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಇಂಟರ್ನೆಟ್ಟಿನಲ್ಲಿ ಗಂಡ ಬರುವುದೆಂದರೆ ಸಾಮಾನ್ಯವೇ?

ಚಕ್ರ ತಿರುಗಿತು. ತಿರುಗಿತು. “ಬಂತು ಬಂತು” ಎಂದರು ಮುಸರ್ರತ್.

ಶಹನಾಯಿ ಮೊಳಗಿತು. ಗುಲಾಬಿ ಹೂವುಗಳು ನಾಲ್ಕೂ ಮೂಲೆಯಿಂದ ಉದುರಿದವು, ಜಯಪ್ಪನ ಬಳಿ ಇದ್ದದ್ದು ಮದುವೆಯ ಡಿಸೈನುಗಳೇ. ಹೂವಿನ ನಡುವೆ ಬಿಳಿ ಕೋಟು ತೊಟ್ಟ ಜ್ಞಾನೇಶ್ ಮೇಷ್ಟ್ರು ಪ್ರತ್ಯಕ್ಷರಾದರು.

“ಅಯ್ಯೋ, ಎಷ್ಟು ಲಕ್ಷಣವಾಗಿ ಕಾಣ್ತಾರೆ ಮಾರಾಯ್ತಿ!” ಎಂದರು ಜಲಜಮ್ಮ.

“ಮಾನ್ಯರೇ, ಫ್ರಿಡ್ಜು ನಮ್ಮ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ” ಎಂದರು ಪರದೆಯ ಮೇಷ್ಟ್ರು.

ಒಂದು ಗುಲಾಬಿ ಉದುರಿತು.

“ಮೇಲಿನ ಮನೆಯವರ ಮಂಡಿ ನೋವಿಗೆ ಕೆಳಗಿನ ಮನೆಯ ಫ್ರಿಡ್ಜೇ ಕಾರಣ.”

ಇನ್ನೊಂದು ಗುಲಾಬಿ.

“ಜಯಪ್ಪನವರು ದೊಡ್ಡ ವಿಜ್ಞಾನಿ.”

ಪಕ್ಕದಲ್ಲಿ ಜಯಪ್ಪ ವಿನಯದಿಂದ ತಲೆಯಾಡಿಸಿದ.

ಸೋಫಾದ ತುದಿಯಲ್ಲಿ ಕೂತಿದ್ದ ನಿಜವಾದ ಮೇಷ್ಟ್ರ ಮುಖ ಸುಣ್ಣದ ಗೋಡೆಯಾಯಿತು. ಹೇಳಿದ್ದು ತಾವೇ. ಬಾಯಿ ತಮ್ಮದೇ, ಧ್ವನಿ ತಮ್ಮದೇ. ಆದರೆ ಮಾತಿನ ಕೊನೆ ಎಲ್ಲಿ? “ಎನ್ನುವುದು ಶುದ್ಧ ಸುಳ್ಳು” ಎಲ್ಲಿ? “ಯಾರೂ ತಿಳಿಯಬಾರದು” ಎಲ್ಲಿ? ಅವರು ಮೊಬೈಲ್ ಹಿಡಿದು ಜಗಲಿಗೆ ಓಡಿ ಜಯಪ್ಪನಿಗೆ ಫೋನ್ ಹಚ್ಚಿದರು.

“ನೋಡಿದ್ರಾ ಸಾರ್? ಹೆಂಗಿದೆ?” ಎಂದ ಜಯಪ್ಪ ಸಂಭ್ರಮದಿಂದ.

“ಏನ್ರೀ ಮಾಡಿದೀರಿ! ನನ್ನ ಮಾತೆಲ್ಲ ಎಲ್ಲಿ ಹೋಯ್ತು?”

“ಎಲ್ಲ ಇದೆಯಲ್ಲ ಸಾರ್. ನೀವು ಸ್ವಲ್ಪ ಉದ್ದ ಮಾತಾಡಿದ್ರಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಆದ್ರೆ ಆ ಸೈಟು ತಗೊಳ್ಳಲ್ಲ. ನಿಮ್ಮ ಪಾಠದಲ್ಲಿ ಒಂದು ವಾಕ್ಯನೂ ತೆಗೆದಿಲ್ಲ ನಾನು, ದೇವರಾಣೆ. ಪ್ರತಿ ವಾಕ್ಯದ ಬಾಲ ಮಾತ್ರ ಚೂರು ಚೂರು ಕತ್ತರಿಸಿದೆ. ಮದುವೇಲಿ ಭಾಷಣ ಮಾಡೋರಿಗೂ ಹಾಗೇ ಮಾಡೋದು. ಅರ್ಥ ಏನೂ ಕೆಟ್ಟಿಲ್ಲ.”

ಮೇಷ್ಟ್ರು ಫೋನನ್ನು ನೋಡಿದರು, ಆಕಾಶವನ್ನು ನೋಡಿದರು. ಕನ್ನಡದಲ್ಲಿ ‘ಇಲ್ಲ’ ಎನ್ನುವುದನ್ನು ಯಾವ ಪುಣ್ಯಾತ್ಮ ವಾಕ್ಯದ ಕೊನೆಗೆ ಇಟ್ಟನೋ, ಅವನನ್ನು ಮನಸಾರೆ ಶಪಿಸಿದರು.

ಒಳಗೆ ಹೋದಾಗ ಬಸವರಾಜೇಶ್ವರಮ್ಮನವರು ಟವೆಲ್ ಸುತ್ತಿದ ಮಂಡಿಯಲ್ಲೇ ಎದ್ದು ನಿಂತು ಕೈ ಮುಗಿದರು.

“ಮೇಷ್ಟ್ರೇ, ನಿಮ್ಮದು ದೊಡ್ಡ ಮನಸ್ಸು. ಬೆಳಿಗ್ಗೆ ಅಷ್ಟು ವಾದ ಮಾಡಿದವರು ಅಲ್ಲಿ ತನಕ ಹೋಗಿ, ತಿಳ್ಕೊಂಡು, ಇಡೀ ಲೋಕದ ಮುಂದೆ ಒಪ್ಪಿಕೊಂಡ್ರಲ್ಲ! ಇಂಥೋರನ್ನ ಮನೆ ಬಿಡಿಸಿದ್ರೆ ನಮಗೆ ಒಳ್ಳೇದಾಗುತ್ತಾ? ಎಷ್ಟು ವರ್ಷ ಬೇಕಾದ್ರೂ ಇರಿ.”

“ಫ್ರಿಡ್ಜು ಮಾತ್ರ ಈಗಲೇ ತೆಗೀಬೇಕು” ಎಂದರು ಹಿರಿಯಣ್ಣನವರು. “ಅದನ್ನೂ ಅವರೇ ಹೇಳಿದಾರಲ್ಲ ಕೊನೇಲಿ.”

“ನಾನೆಲ್ಲಿ ಹೇಳಿದೀನಿ?”

ಇಸ್ಹಾಕ್ ಸಾಹೇಬರು ಮೌಸ್ ಎಳೆದು ಕೊನೆಯ ಭಾಗ ತೋರಿಸಿದರು. ಪರದೆಯ ಮೇಷ್ಟ್ರು ಬೆರಳೆತ್ತಿ ಆವೇಶದಿಂದ, “ಫ್ರಿಡ್ಜನ್ನು ಈಗಲೇ ಮನೆಯಿಂದ ಹೊರಗೆ ಹಾಕಿ!” ಎಂದರು. ‘ಎಂದು ಹೇಳುವ ಮೂಢರ ಮಾತಿಗೆ ಕಿವಿಗೊಡಬೇಡಿ’ ಎನ್ನುವ ಬಾಲ ಭದ್ರಾವತಿಯಲ್ಲಿ ಉಳಿದುಹೋಗಿತ್ತು.

“ನಮ್ಮ ಮನೆ ಮೇಲೆ ಯಾರೂ ಇಲ್ಲ ಸಾರ್, ಬರೀ ಶೀಟು” ಎಂದರು ಇಸ್ಹಾಕ್ ಸಾಹೇಬರು ಸಂಕೋಚದಿಂದ. “ಎಲ್ಲಿ ಇಡೋದು ಅಂತ ಚಿಂತೆ ಮಾಡ್ಬೇಡಿ. ಇಲ್ಲೇ ಇರಲಿ.”

“ಹೌದು, ನಮ್ಮ ಹಳೇ ಫ್ರಿಡ್ಜೂ ಸರಿಯಾಗಿ ಕೂಲ್ ಆಗ್ತಿಲ್ಲ” ಎಂದರು ಮುಸರ್ರತ್ ಸಂತೋಷದಿಂದ. “ತನುಜಾ, ನಿಂದು ಹಾಲು ಮೊಸರು ಏನಿದ್ರೂ ತಂದಿಡಮ್ಮ, ಬೇಕಾದಾಗ ಬಂದು ತಗೊಂಡು ಹೋಗು.”

ತನುಜಾ ಗಂಡನ ಕಡೆ ತಿರುಗಿದಳು. ಆ ನೋಟದ ಮುಂದೆ ಸ್ಟುಡಿಯೋದ ಎರಡು ಲೈಟು ಏನೇನೂ ಅಲ್ಲ.

ಕತ್ತಲಾಗುವ ಮುಂಚೆ ಮುಗಿಸಿಬಿಡೋಣವೆಂದು ಹಿರಿಯಣ್ಣನವರು ಪಂಚೆ ಎತ್ತಿ ಕಟ್ಟಿದರು. ಇಸ್ಹಾಕ್ ಸಾಹೇಬರು ಒಂದು ಮೂಲೆ ಹಿಡಿದರು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ತಾವಾಗಿಯೇ ಬಂದು ಕೈ ಹಾಕಿದರು. ಫ್ರಿಡ್ಜು ಹೊಸ್ತಿಲು ದಾಟುವಾಗ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಅಡ್ಡ ನಿಂತು, ಎರಡೂ ಕೈ ಮೇಲೆತ್ತಿ ಕೂಗಿದರು:

“ಸ್ವಲ್ಪ ನಿಲ್ಲಿ! ಎಲ್ಲರೂ ಕೇಳಿ! ಫ್ರಿಡ್ಜಿನಿಂದ ಮಂಡಿ ನೋವು ಬರುತ್ತೆ ಅನ್ನೋದು…”

“ಗೊತ್ತಾಯ್ತು ಬಿಡಿ ಮೇಷ್ಟ್ರೇ” ಎಂದರು ಹಿರಿಯಣ್ಣನವರು ಏದುಸಿರು ಬಿಡುತ್ತ. “ಎಷ್ಟು ಸಲ ಅಂತ ಹೇಳ್ತೀರಿ? ಬನ್ನಿ, ಆ ಕಡೆ ಸ್ವಲ್ಪ ಹಿಡ್ಕೊಳ್ಳಿ.”

ಮೇಷ್ಟ್ರು ಹಿಡಿದುಕೊಂಡರು.